ಹೊಸ ವರ್ಷನ್ ಒಂದೇ ಸಲಕ್ಕೆ ಡಿಪ್ಲಾಯ್ ಮಾಡಬೇಕಾ (ಎಲ್ಲರಿಗೂ ಹಾಕಬೇಕಾ), ಸ್ವಲ್ಪ ಸ್ವಲ್ಪವಾಗಿ ಬಿಡಬೇಕಾ?

ಗದಗ, ಹಾವೇರಿ ಕಡೆಯ 40 ಕಿರಾಣಿ ಅಂಗಡಿಗಳು ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುತ್ತಿವೆ, ಸರ್ವರ್ ಎರಡಿವೆ, ಹೊಸ ವರ್ಷನ್‌ನಲ್ಲಿ ಸ್ಟಾಕ್ ಟೇಬಲ್ ಬದಲಾಗುತ್ತಿದೆ ಅಂತ ಬರೆದಿದ್ದೀರಿ. ಎಲ್ಲರೂ ಕ್ಯಾನರಿ ಮಾಡಿ, ಅಂದರೆ ಮೊದಲು ನೂರಕ್ಕೆ ಒಂದೆರಡು ಪಾಲಿಗೆ ಮಾತ್ರ ಬಿಟ್ಟು ನೋಡಿ ಅನ್ನುತ್ತಿದ್ದಾರೆ, ಸರಿಯಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಹುಬ್ಬಳ್ಳಿಯಲ್ಲಿ ಇಂಥದ್ದೇ ಕೆಲಸ ಮಾಡುತ್ತೇನೆ. ಸ್ವಲ್ಪ ಸ್ವಲ್ಪವಾಗಿ ಬಿಟ್ಟರೆ ಅಪಾಯ ಇಲ್ಲ ಅಂತ ನಾನೂ ನಂಬಿದ್ದೆ. ಆದರೆ ಮೊದಲು ನೋಡಬೇಕಾದ್ದು ಬೇರೆ ಇದೆ. ಹಳೇ ಕೋಡ್, ಹೊಸ ಕೋಡ್ ಎರಡೂ ಒಂದೇ ಡೇಟಾಬೇಸ್ ಮೇಲೆ ಒಟ್ಟಿಗೆ ಓಡುತ್ತವಾ?

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ನಾವು ಸಾಫ್ಟ್‌ವೇರ್ ಕೊಟ್ಟಿದ್ದೆವು. ತೂಕದ ಕಾಲಂನಲ್ಲಿ ಕ್ವಿಂಟಲ್ ಇತ್ತು. ಹೊಸ ವರ್ಷನ್‌ನಲ್ಲಿ ಅದೇ ಕಾಲಂನಲ್ಲಿ ಕೆಜಿ ಬರೆಯುವಂತೆ ಮಾಡಿದೆವು. ಭಾನುವಾರ ರಾತ್ರಿ ಎರಡರಲ್ಲಿ ಒಂದು ಸರ್ವರ್‌ಗೆ ಮಾತ್ರ ಹಾಕಿ ಮಲಗಿದೆವು. ಸೋಮವಾರ ಮಾರುಕಟ್ಟೆ. ಟೆಂಡರ್ ಮುಗಿದು ತೂಕ ಶುರುವಾದಾಗ ಫೋನ್ ಬಂತು: "ಸರ, ಮೂರೂವರಿ ಕ್ವಿಂಟಲ್ ಮಾಲಿಗೆ ಮುನ್ನೂರ ನಲವತ್ತೆರಡು ಕ್ವಿಂಟಲ್ ಅಂತ ಪಟ್ಟಿ ಬರಾಕತ್ತೈತ್ರಿ!"

ಹೊಸ ಸರ್ವರ್ 342 ಅಂತ ಬರೆದಿತ್ತು. ಪ್ರಿಂಟ್ ಕೊಟ್ಟಾಗ ಹಳೇ ಸರ್ವರ್ ಅದನ್ನು ಕ್ವಿಂಟಲ್ ಅಂತ ಓದಿತ್ತು. ಸರ್ವರ್ ನಿಲ್ಲಿಸಿದರೂ ಕಷ್ಟ ಮುಗಿಯಲಿಲ್ಲ. ಒಂದು ಸಾಲಿನಲ್ಲಿ 40 ಅಂತ ಇದ್ದರೆ ಅದು ಕ್ವಿಂಟಲ್ಲಾ, ಕೆಜಿನಾ? ಕೈಬರಹದ ತೂಕದ ಚೀಟಿಗಳನ್ನು ಒಂದೊಂದಾಗಿ ತಾಳೆ ನೋಡುತ್ತಾ ರಾತ್ರಿ ಹತ್ತಾಯಿತು. ರೈತರು ಹಣಕ್ಕೆ ಕಾಯುತ್ತಾ ಅಲ್ಲೇ ಕೂತಿದ್ದರು. ಅವರ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಭಾನುವಾರ ರಾತ್ರಿಯೇ ಹಳೇ ತೂಕವನ್ನೆಲ್ಲ ಕೆಜಿಗೆ ಬದಲಿಸಿ, ಎರಡೂ ಸರ್ವರ್‌ಗೆ ಒಂದೇ ಸಲ ಹಾಕಿದ್ದರೆ ಇದು ಆಗುತ್ತಲೇ ಇರಲಿಲ್ಲ.

ದೊಡ್ಡವರಿಗೂ ಹೀಗಾಗಿದೆ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವ್ಯಾಪಾರದ ಕಂಪನಿ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಹಳೇ ಫ್ಲ್ಯಾಗ್ (ಕೋಡ್ ಒಳಗಿನ ಆನ್-ಆಫ್ ಗುರುತು) ಒಂದಕ್ಕೆ ಹೊಸ ಅರ್ಥ ಕೊಟ್ಟಿದ್ದರು, ಆ ಒಂದು ಸರ್ವರ್ ಅದನ್ನು ಹಳೇ ಅರ್ಥದಲ್ಲೇ ಓದಿತು.

ಹಾಗಂತ ಯಾವಾಗಲೂ ಒಂದೇ ಸಲಕ್ಕೆ ಹಾಕಿ ಅನ್ನುತ್ತಿಲ್ಲ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್ ಒಂದು ಅಪ್‌ಡೇಟನ್ನು ಎಲ್ಲರಿಗೂ ಒಟ್ಟಿಗೆ ಬಿಟ್ಟು, 78 ನಿಮಿಷದಲ್ಲಿ ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೂತುಬಿಟ್ಟಿದ್ದವು. ಬೂಟ್ ಆಗದ ಕಂಪ್ಯೂಟರ್‌ಗಳನ್ನು ಎಷ್ಟೋ ಕಡೆ ಒಂದೊಂದಾಗಿ ಕೈಯಲ್ಲೇ ಸರಿ ಮಾಡಬೇಕಾಯಿತು. ಹಿಂದಕ್ಕೆ ಬರುವ ದಾರಿ ಇಷ್ಟು ಕಷ್ಟ ಇದ್ದಾಗ ಸ್ವಲ್ಪ ಸ್ವಲ್ಪವಾಗಿಯೇ ಹೋಗಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಕೆಲಸವನ್ನು ಎರಡು ಪಾಲು ಮಾಡುತ್ತಿದ್ದೆ. ಕಿರಾಣಿ ಅಂಗಡಿಗಳು ರಾತ್ರಿ ಮುಚ್ಚುತ್ತವೆ, ಅಲ್ವಾ? ಬ್ಯಾಕಪ್ ತೆಗೆದುಕೊಂಡು, ಟೇಬಲ್‌ನ ಬದಲಾವಣೆಯನ್ನು ಒಂದೇ ರಾತ್ರಿಯಲ್ಲಿ ಮುಗಿಸಿ. ಆದರೆ ಹೊಸ ಕಾಲಂ ಸೇರಿಸಿ, ಈಗಿರುವ ಲೆಕ್ಕವನ್ನು ಅದಕ್ಕೂ ತುಂಬಿಸಿ, ಅಷ್ಟೇ. ಹಳೇ ಕಾಲಂ ಮುಟ್ಟಬೇಡಿ, ಅದರ ಅರ್ಥವನ್ನೂ ಬದಲಿಸಬೇಡಿ. ಅದೇ ರಾತ್ರಿ ಎರಡೂ ಸರ್ವರ್‌ಗೆ ಹೊಸ ಕೋಡ್ ಹೋಗಲಿ. ಅದು ಎರಡೂ ಕಾಲಂಗಳಿಗೆ ಬರೆಯುತ್ತಿರಲಿ, ಓದುವುದು ಮಾತ್ರ ಹಳೇದರಿಂದಲೇ ಇರಲಿ.

ಹೊಸ ಕಾಲಂನಿಂದ ಓದುವುದನ್ನು ಫೀಚರ್ ಫ್ಲ್ಯಾಗ್ (ಅಂಗಡಿಗೊಂದು ಆನ್-ಆಫ್ ಸ್ವಿಚ್) ಇಟ್ಟು ಅಂಗಡಿ ಲೆಕ್ಕದಲ್ಲಿ ಬಿಡಿ. ನೂರಕ್ಕೆ ಒಂದು, ಎರಡು ಅನ್ನೋ ಲೆಕ್ಕ ನಿಮಗೆ ಬೇಡ. 40 ಅಂಗಡಿಯ ನೂರಕ್ಕೆ ಒಂದು ಪಾಲು ಅಂದರೆ ಅರ್ಧ ಅಂಗಡಿಯೂ ಆಗಲ್ಲ. ತಪ್ಪು ಕಂಡ ತಕ್ಷಣ ಫೋನ್ ಮಾಡುವ ಮಾಲೀಕರು ಒಬ್ಬರಾದರೂ ಇರುತ್ತಾರೆ. ಅವರಿಗೆ ಮೊದಲೇ ಹೇಳಿ, ಅವರ ಅಂಗಡಿಯಿಂದಲೇ ಶುರು ಮಾಡಿ. ಎರಡು ದಿನ ಅವರ ಸ್ಟಾಕ್ ಲೆಕ್ಕವನ್ನು ಹಳೇ ಕಾಲಂ ಜೊತೆ ಹೋಲಿಸಿ ನೋಡಿ. ಸರಿ ಇದ್ದರೆ ಐದು ಅಂಗಡಿ, ಆಮೇಲೆ ಉಳಿದವು. ಹಳೇ ಕಾಲಂ ಒಂದು ತಿಂಗಳು ಹಾಗೇ ಇರಲಿ. ಸಂತೆಯ ಹಿಂದಿನ ರಾತ್ರಿ ಮಾತ್ರ ಏನನ್ನೂ ಹಾಕಬೇಡಿ.