ಸಾರೇನೋ ಆಯಿತು, ಗಟ್ಟಿಯಾದದ್ದು ಹೇಗೆ?

ಭೂಮಿಯ ಮೇಲೆ ಜೀವದ ರಾಸಾಯನಿಕ ಹುಟ್ಟಿನ ಬಗ್ಗೆ ಓದುಗರು ಕೇಳಿರುವ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಮಿಲ್ಲರ್ ಪ್ರಯೋಗದಲ್ಲಿ ಬಳಸಿದ ಗಾಳಿಯೇ ತಪ್ಪು ಅಂತ ಈಗ ಹೇಳುತ್ತಾರೆ. ಹಾಗಿದ್ದರೆ ಪಠ್ಯದಲ್ಲಿ ಇನ್ನೂ ಅದನ್ನೇ ಯಾಕೆ ಓದಿಸುತ್ತಾರೆ?
– ಪಿಯು ವಿದ್ಯಾರ್ಥಿನಿ, ಹಾಸನ

ಗಾಳಿಯ ಲೆಕ್ಕ ತಪ್ಪಿರಬಹುದು, ರಸಾಯನಶಾಸ್ತ್ರ ತಪ್ಪಿಲ್ಲ. ಪಠ್ಯದ ಚಿತ್ರದಲ್ಲಿ ಅಳತೆಗಳು ಸಾಮಾನ್ಯವಾಗಿ ಇರುವುದಿಲ್ಲ, ಮೊದಲು ಅವನ್ನು ನೋಡಿ. ಸ್ಟಾನ್ಲಿ ಮಿಲ್ಲರ್ ಷಿಕಾಗೋದಲ್ಲಿ ಹೆರಾಲ್ಡ್ ಯೂರಿಯವರ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಮಾಡಿ, 1953ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಆದಿ ಭೂಮಿಯ ಗಾಳಿ ಎಂದು ಆಗ ಊಹಿಸಿದ್ದ ಅನಿಲಗಳಲ್ಲಿ ಮಿಂಚಿನಂತೆ ಕಿಡಿ ಹಾರಿಸಿದಾಗ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೊ ಆಮ್ಲಗಳು ಸಿಕ್ಕವು. ಕೆಳಗೆ ಅರ್ಧ ಲೀಟರಿನ ಫ್ಲಾಸ್ಕು, ಅದರಲ್ಲಿ 200 ಮಿ.ಲೀ. ನೀರು. ಮೇಲೆ 5 ಲೀಟರಿನದು, ಅದರೊಳಗೆ ಎರಡು ಟಂಗ್‌ಸ್ಟನ್ ಎಲೆಕ್ಟ್ರೋಡು. ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಪಾದರಸದ ಒತ್ತಡದ ಅಳತೆಯಲ್ಲಿ 20 ಸೆಂ.ಮೀ. ಮೀಥೇನ್, 20 ಸೆಂ.ಮೀ. ಅಮೋನಿಯಾ, 10 ಸೆಂ.ಮೀ. ಜಲಜನಕ ತುಂಬಿದರು. ನೀರು ಕುದಿದು ಆವಿ ಮೇಲೇರಿ ಕಿಡಿಯ ನಡುವೆ ಹಾಯುತ್ತದೆ, ಕಂಡೆನ್ಸರಿನಲ್ಲಿ ತಣಿದು ಮತ್ತೆ ಕೆಳಗಿಳಿಯುತ್ತದೆ. ಒಂದು ದಿನಕ್ಕೆ ನೀರು ನಸುಗೆಂಪು, ವಾರದ ಕೊನೆಗೆ ಕಡುಗೆಂಪು ಮತ್ತು ಮಬ್ಬು.

ಕಿಡಿ ನೇರವಾಗಿ ಅಮೈನೊ ಆಮ್ಲವನ್ನು ಮಾಡುವುದಿಲ್ಲ. ಮೇಲಿನ ಫ್ಲಾಸ್ಕಿನಲ್ಲಿ ಹುಟ್ಟುವುದು ಹೈಡ್ರೋಜನ್ ಸಯನೈಡ್ ಮತ್ತು ಆಲ್ಡಿಹೈಡುಗಳು. ಅವು ನೀರಿಗಿಳಿದು ಅಮೋನಿಯಾದೊಂದಿಗೆ ಕೂಡಿದಾಗ ಅಮೈನೊ ನೈಟ್ರೈಲ್, ಅದು ನೀರಿನೊಂದಿಗೆ ಒಡೆದಾಗ ಅಮೈನೊ ಆಮ್ಲ. ಫಾರ್ಮಾಲ್ಡಿಹೈಡ್ ಸಿಕ್ಕರೆ ಗ್ಲೈಸಿನ್, ಅಸಿಟಾಲ್ಡಿಹೈಡ್ ಸಿಕ್ಕರೆ ಅಲನಿನ್. ಇದು 1850ರಲ್ಲೇ ರಸಾಯನಶಾಸ್ತ್ರಜ್ಞ ಸ್ಟ್ರೆಕರ್ ಕಂಡುಕೊಂಡಿದ್ದ ದಾರಿ. ಹಾಗಾಗಿ ಕೇಳಬೇಕಾದ ಪ್ರಶ್ನೆ, ಆಗಿನ ಭೂಮಿಯಲ್ಲಿ ಸಯನೈಡ್ ಮತ್ತು ಆಲ್ಡಿಹೈಡ್ ಎಲ್ಲಾದರೂ ಹುಟ್ಟುತ್ತಿತ್ತೇ ಎಂಬುದು. ಇಡೀ ವಾತಾವರಣವೇ ಮೀಥೇನ್‌ಮಯ ಆಗಿರಬೇಕಿಲ್ಲ, ಒಂದು ಜ್ವಾಲಾಮುಖಿಯ ಬಾಯಿ ಸಾಕು.

ಈಗಿನವರು ಹೇಳುವ ಗಾಳಿ ಹೆಚ್ಚಾಗಿ ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್. ಅದರಲ್ಲಿ ಕಿಡಿ ಹಾರಿಸಿದರೆ ಏನೂ ಸಿಗುವುದಿಲ್ಲ ಎಂದು ಬಹಳ ಕಾಲ ನಂಬಿದ್ದರು. ಕಾರಣ ಬೇರೆಯೇ ಇತ್ತು. ಕಿಡಿಯಿಂದ ನೈಟ್ರೈಟ್ ಹುಟ್ಟಿ, ನೀರು ಆಮ್ಲೀಯವಾಗಿ, ಆದ ಅಮೈನೊ ಆಮ್ಲವನ್ನು ವಿಶ್ಲೇಷಣೆಯ ಹಂತದಲ್ಲಿ ನೈಟ್ರೈಟೇ ತಿಂದುಹಾಕುತ್ತಿತ್ತು. ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿ ಹುಳಿ ತಗ್ಗಿಸಿ, ಆಕ್ಸಿಡೀಕರಣಕ್ಕೆ ತಡೆಯನ್ನೂ ಒಡ್ಡಿದಾಗ ಇಳುವರಿ ಎಷ್ಟೋ ಏರಿತು. ಹಳೆಯ ಕಡಲಿನಲ್ಲಿ ಕರಗಿದ್ದ ಕಬ್ಬಿಣ ಇದೇ ಕೆಲಸ ಮಾಡಿರಬಹುದು.

ಇನ್ನೊಂದು ಸ್ವಾರಸ್ಯ. ಆ ಮಬ್ಬು ಬಂದದ್ದು ಗಾಜು ಕರಗಿ ಬಂದ ಸಿಲಿಕಾದಿಂದ. ಅಮೋನಿಯಾದ ಕ್ಷಾರಕ್ಕೆ ಫ್ಲಾಸ್ಕು ಸವೆಯುತ್ತದೆ. 2021ರಲ್ಲಿ ಟೆಫ್ಲಾನ್ ಪಾತ್ರೆಯಲ್ಲಿ ಇದೇ ಪ್ರಯೋಗ ಮಾಡಿ ನೋಡಿದಾಗ ಸಿಕ್ಕ ಅಣುಗಳ ಬಗೆಯೂ ಕಡಿಮೆ, ಮೊತ್ತವೂ ಕಡಿಮೆ. ಅಂದರೆ ಪಾತ್ರೆಯೂ ಪ್ರಯೋಗದ ಒಂದು ಭಾಗವೇ ಆಗಿತ್ತು. ಹಳೆಯ ಭೂಮಿಯಲ್ಲಿ ಆ ಪಾತ್ರೆ ಬಂಡೆ.

ಕಡಲ ತುಂಬ ಅಮೈನೊ ಆಮ್ಲ ಇದ್ದರೆ, ಕೋಟ್ಯಂತರ ವರ್ಷದಲ್ಲಿ ತಾನಾಗಿಯೇ ಪ್ರೋಟೀನ್, ಆರ್‌ಎನ್‌ಎ ಆಗಲೇಬೇಕಲ್ಲವೇ?
– ನಿವೃತ್ತ ಎಂಜಿನಿಯರ್, ಮೈಸೂರು

ಆಗುವುದಿಲ್ಲ. ಹೆಚ್ಚು ಕಾಲ ಕೊಟ್ಟರೆ ಇದ್ದದ್ದೂ ಹಾಳಾಗುತ್ತದೆ. ಜೀವವಿಜ್ಞಾನಿ ಹಾಲ್ಡೇನ್ 1929ರಲ್ಲಿ ಆದಿ ಕಡಲನ್ನು ಬಿಸಿಯಾದ ತೆಳು ಸಾರು ಎಂದು ಕರೆದರು. ತೊಡಕಿರುವುದು ಆ ‘ತೆಳು’ ಎಂಬ ಮಾತಿನಲ್ಲೇ.

ಎರಡು ಅಮೈನೊ ಆಮ್ಲ ಜೋಡಣೆಯಾದಾಗ ಒಂದು ನೀರಿನ ಅಣು ಹೊರಬೀಳಬೇಕು. ಸುತ್ತಲೂ ನೀರೇ ಇದ್ದರೆ ಕ್ರಿಯೆ ಹಿಂದಕ್ಕೆ ಸರಿಯುತ್ತದೆ. ಸರಿ, ಒಣಗಿಸೋಣ ಅಂದರೆ ಇನ್ನೊಂದು ಕಾಟ. ಎರಡು ಗ್ಲೈಸಿನ್ ಕೂಡಿದ ತಕ್ಷಣ ತಲೆ ಬಾಲ ಸೇರಿಸಿಕೊಂಡು ಉಂಗುರವಾಗಿಬಿಡುತ್ತವೆ, ಸರಪಳಿ ಅಲ್ಲಿಗೇ ಮುಗಿಯಿತು. ಲ್ಯಾಕ್ಟಿಕ್ ಆಮ್ಲದಂಥ ಹೈಡ್ರಾಕ್ಸಿ ಆಮ್ಲವನ್ನು ಜೊತೆಗೆ ಬೆರೆಸಿ, 85 ಡಿಗ್ರಿಯ ಸುಮಾರಿಗೆ ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿದರೆ ಮೊದಲು ಎಸ್ಟರ್ ಕೊಂಡಿ ಬೀಳುತ್ತದೆ. ಆಮೇಲೆ ಅಮೈನೊ ಆಮ್ಲ ಅದನ್ನು ತಳ್ಳಿ ತನ್ನ ಕೊಂಡಿ ಹಾಕಿಕೊಳ್ಳುತ್ತದೆ. ಇದಕ್ಕೆ ಕಡಲು ಒಗ್ಗದು, ಬಿಸಿಲಿಗೆ ಬತ್ತಿ ಮಳೆಗೆ ತುಂಬುವ ಹೊಂಡ ಬೇಕು.

ಹಾಗಂತ ಬತ್ತಿಸಿದರೆ ಎಲ್ಲವೂ ಗಟ್ಟಿಯಾಗುತ್ತದೆ ಎಂದುಕೊಳ್ಳಬೇಡಿ. ಹೈಡ್ರೋಜನ್ ಸಯನೈಡ್ ಕುದಿಯುವುದು 26 ಡಿಗ್ರಿಗೆ. ಒಲೆ ಹಚ್ಚಿದರೆ ನೀರಿಗಿಂತ ಮೊದಲು ಅದೇ ಹಾರಿಹೋಗುತ್ತದೆ. ಅದನ್ನು ಗಟ್ಟಿ ಮಾಡಲು ಹೆಪ್ಪುಗಟ್ಟಿಸಬೇಕು: ನೀರು ಮಂಜಾಗುತ್ತ ಹೋದಂತೆ ಸಯನೈಡ್ ಉಳಿದ ದ್ರವದಲ್ಲಿ ಸಾಂದ್ರವಾಗುತ್ತದೆ. ತೀರ ತೆಳುವಾಗಿದ್ದರೆ ಅದು ತನ್ನೊಂದಿಗೆ ತಾನು ಕೂಡುವ ಬದಲು ನೀರಿನೊಂದಿಗೆ ಒಡೆದು ಫಾರ್ಮಿಕ್ ಆಮ್ಲದ ಕಡೆಗೆ ಹೋಗುತ್ತದೆ. ಸಾಂದ್ರವಾದರೆ ಮಾತ್ರ ಆರ್‌ಎನ್‌ಎಯ ನಾಲ್ಕು ‘ಅಕ್ಷರ’ಗಳಲ್ಲಿ (ಬೇಸುಗಳಲ್ಲಿ) ಒಂದಾದ ಅಡೆನಿನ್ ಸಿಗುತ್ತದೆ. ಅಡೆನಿನ್ ಎಂದರೆ ಲೆಕ್ಕಕ್ಕೆ ಐದು ಹೈಡ್ರೋಜನ್ ಸಯನೈಡ್, ಅಷ್ಟೇ.

ಆರ್‌ಎನ್‌ಎಯ ಸಕ್ಕರೆಯಾದ ರೈಬೋಸ್‌ನದು ಇನ್ನೂ ಕಷ್ಟದ ಕತೆ. ಫಾರ್ಮಾಲ್ಡಿಹೈಡನ್ನು ಸುಣ್ಣದ ನೀರಿನಲ್ಲಿ ಕಾಯಿಸಿದರೆ ಸಕ್ಕರೆಗಳು ಆಗುತ್ತವೆ. ಇದನ್ನು 1861ರಲ್ಲಿ ರಷ್ಯಾದ ರಸಾಯನಶಾಸ್ತ್ರಜ್ಞ ಬುಟ್ಲೆರೋವ್ ತೋರಿಸಿದರು. ದ್ರವ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಟಾರು. ಆಲೆಮನೆಯವರಿಗೆ ಇದು ಹೊಸದಲ್ಲ, ಪಾಕಕ್ಕೆ ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುವುದೂ ಹೆಚ್ಚುಕಡಿಮೆ ಇದೇ ಕ್ರಿಯೆ. ಹತ್ತಾರು ಸಕ್ಕರೆಗಳ ಆ ರಾಶಿಯಲ್ಲಿ ರೈಬೋಸ್ ಶೇ. 1ರಷ್ಟೂ ಇರುವುದಿಲ್ಲ, ಇರುವಷ್ಟೂ ನಿಲ್ಲುವುದಿಲ್ಲ. ತಟಸ್ಥ ನೀರಿನಲ್ಲಿ 100 ಡಿಗ್ರಿಗೆ ಅದರ ಅರ್ಧಾಯುಷ್ಯ 73 ನಿಮಿಷ, ಸೊನ್ನೆ ಡಿಗ್ರಿಗೆ 44 ವರ್ಷ. ಬೋರೇಟ್ ಖನಿಜ ಇದ್ದರೆ ಅದು ರೈಬೋಸನ್ನು ಹಿಡಿದಿಟ್ಟು ಕಪ್ಪಾಗುವುದನ್ನು ತಡೆಯುತ್ತದೆ ಎಂದು 2004ರಲ್ಲಿ ಗೊತ್ತಾಯಿತು.

2009ರಲ್ಲಿ ರಸಾಯನಶಾಸ್ತ್ರಜ್ಞರಾದ ಪೌನರ್, ಗೆರ್ಲ್ಯಾಂಡ್, ಸದರ್‌ಲ್ಯಾಂಡ್ ಮೂವರೂ ರೈಬೋಸಿನ ಗೊಡವೆಯನ್ನೇ ಬಿಟ್ಟರು. ಸಕ್ಕರೆಯನ್ನೂ ಬೇಸನ್ನೂ ಬೇರೆ ಬೇರೆ ಮಾಡಿ ಆಮೇಲೆ ಅಂಟಿಸುವ ಬದಲು, ಅಮೈನೊಆಕ್ಸಜೋಲ್ ಎಂಬ ಅರೆಬರೆ ತುಂಡಿನಿಂದ ಎರಡನ್ನೂ ಒಟ್ಟಿಗೇ ಕಟ್ಟಿದರು. ಆರ್‌ಎನ್‌ಎಯ ಮೂರನೆಯ ಭಾಗವಾದ ಫಾಸ್ಫೇಟನ್ನು ಕೊನೆಗಲ್ಲ, ಶುರುವಿನಲ್ಲೇ ಹಾಕಿದ್ದು ಅವರ ಜಾಣತನ. ಈ ದಶಕಗಳ ಅತಿ ಚಂದದ ಕೆಲಸಗಳಲ್ಲಿ ಇದೊಂದು. ಆದರೂ ಯಾವ ಹೊತ್ತಿಗೆ ಯಾವುದನ್ನು ಸುರಿಯಬೇಕೆಂದು ಬಲ್ಲ ಕೈಯೊಂದು ಅಲ್ಲಿತ್ತು. ಹೊಂಡಕ್ಕೆ ಅಂಥ ಕೈ ಯಾರದ್ದು ಎಂಬ ಪ್ರಶ್ನೆ ಹಾಗೇ ನಿಂತಿದೆ.

ಜೀವದ ಬೀಜ ಉಲ್ಕೆಯಲ್ಲಿ ಬಂತು ಎನ್ನುವುದು ನಿಜವೇ?
– ಓದುಗರು, ಶಿರಸಿ

ಬೀಜವಲ್ಲ, ದಿನಸಿ. 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯಲ್ಲಿ 70ಕ್ಕೂ ಹೆಚ್ಚು ಬಗೆಯ ಅಮೈನೊ ಆಮ್ಲಗಳು ಸಿಕ್ಕಿವೆ. ಅವುಗಳಲ್ಲಿ ಬಹಳಷ್ಟನ್ನು ಜೀವಿಗಳು ಪ್ರೋಟೀನ್ ಕಟ್ಟಲು ಬಳಸುವುದೇ ಇಲ್ಲ, ಆದ್ದರಿಂದ ಅವು ನೆಲದ ಕೊಳೆಯಿಂದ ಬಂದವಲ್ಲ ಎಂದು ಹೇಳಬಹುದು. ಆದರೆ ದಿನಸಿ ಬಂದ ಮಾತ್ರಕ್ಕೆ ಅಡಿಗೆ ಆಗುವುದಿಲ್ಲ, ಹಿಂದಿನ ಉತ್ತರದ ತಾಪತ್ರಯಗಳೆಲ್ಲ ಇಲ್ಲಿಗೂ ಅನ್ವಯ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಿಲ್ಲರ್ ಪ್ರಯೋಗ ಮಾಡಿ ತೋರಿಸಬಹುದೇ?
– ರಸಾಯನಶಾಸ್ತ್ರ ಉಪನ್ಯಾಸಕರು, ಧಾರವಾಡ

ದಯವಿಟ್ಟು ಬೇಡ. ಒಳಗೆ ಸ್ವಲ್ಪ ಗಾಳಿ ಉಳಿದಿದ್ದರೂ ಜಲಜನಕ, ಮೀಥೇನ್ ಮತ್ತು ಕಿಡಿ ಸೇರಿ ಫ್ಲಾಸ್ಕು ಸಿಡಿಯಬಹುದು. ಸಿಡಿಯದಿದ್ದರೆ ಒಳಗಿರುವುದು ಸಯನೈಡ್.

ಆ ಪ್ರಯೋಗದ ಎರಡನೇ ಅರ್ಧವನ್ನು, ಅಂದರೆ ಸಿಕ್ಕಿದ್ದೇನೆಂದು ಗುರುತಿಸುವ ಭಾಗವನ್ನು, ಧಾರಾಳವಾಗಿ ಮಾಡಿಸಿ. ಮಿಲ್ಲರ್ ಬಳಸಿದ್ದು ಪೇಪರ್ ಕ್ರೊಮ್ಯಾಟೋಗ್ರಫಿ, ಅಂದರೆ ಕಾಗದದಲ್ಲಿ ಏರುವ ದ್ರಾವಕದ ಜೊತೆ ಬೇರೆ ಬೇರೆ ವಸ್ತು ಬೇರೆ ಬೇರೆ ದೂರ ಸಾಗುವ ವಿಧಾನ. ಗ್ಲೈಸಿನ್, ಅಲನಿನ್, ಲ್ಯೂಸಿನ್ ತಲಾ 10 ಮಿ.ಗ್ರಾಂ. ಅನ್ನು 10 ಮಿ.ಲೀ. ನೀರಿನಲ್ಲಿ ಬೇರೆ ಬೇರೆ ಕರಗಿಸಿ. ನಾಲ್ಕನೆಯದಾಗಿ ಮೂರರ ಮಿಶ್ರಣ ಇರಲಿ. ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರನ್ನು 4:1:5ರಂತೆ ಕುಲುಕಿ, ನಿಲ್ಲಲು ಬಿಟ್ಟು, ಮೇಲಿನ ಪದರವನ್ನು ಮಾತ್ರ ದ್ರಾವಕವಾಗಿ ತೆಗೆದುಕೊಳ್ಳಿ. ವಾಟ್‌ಮನ್ ನಂ. 1 ಕಾಗದದ ತುದಿಯಿಂದ 2 ಸೆಂ.ಮೀ. ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ, ಪೆನ್ನಾದರೆ ಶಾಯಿಯೂ ಮೇಲೇರುತ್ತದೆ. ಬೊಟ್ಟು 4 ಮಿ.ಮೀ. ಮೀರಬಾರದು, ಇಟ್ಟು ಒಣಗಿಸಿ ಮತ್ತೆ ಇಡಿ. ದ್ರಾವಕದ ಮಟ್ಟ ಬೊಟ್ಟುಗಳಿಗಿಂತ ಕೆಳಗೇ ಇರಬೇಕು, ಇಲ್ಲವಾದರೆ ಅವು ಕರಗಿ ತಳಕ್ಕೆ ಹೋಗುತ್ತವೆ. ಜಾರಿನ ಮುಚ್ಚಳ ಬಿಗಿಯಾಗಿರಲಿ, ನಾಲ್ಕೈದು ಗಂಟೆ ಮುಟ್ಟಬೇಡಿ. ಒಣಗಿದ ಮೇಲೆ ಅಸಿಟೋನಿನಲ್ಲಿ ಕರಗಿಸಿದ 0.2% ನಿನ್‌ಹೈಡ್ರಿನ್ (ಅಮೈನೊ ಆಮ್ಲಕ್ಕೆ ಬಣ್ಣ ಕೊಡುವ ರಾಸಾಯನಿಕ) ಸಿಂಪಡಿಸಿ (ಫ್ಯೂಮ್ ಹುಡ್ ಒಳಗೆ). ಅಸಿಟೋನ್ ಪೂರ್ತಿ ಆರಿದ ಮೇಲೆ 105 ಡಿಗ್ರಿಯ ಓವನ್ನಿನಲ್ಲಿ ಐದು ನಿಮಿಷ ಇಡಿ. ನೇರಳೆ ಕಲೆಗಳು ಏಳುತ್ತವೆ: ಕೆಳಗೆ ಗ್ಲೈಸಿನ್, ದ್ರಾವಕ ಏರಿದ ದೂರದ ಸುಮಾರು 0.26 ಪಾಲು. ಅಲನಿನ್ 0.38ರ ಹತ್ತಿರ, ಲ್ಯೂಸಿನ್ 0.73ರ ಹತ್ತಿರ.

ಒಂದು ಕಾಗದವನ್ನು ಮಾತ್ರ ಬೇಕೆಂದೇ ಬರಿಗೈಯಲ್ಲಿ ಹಿಡಿಸಿ. ಓವನ್ನಿನಿಂದ ತೆಗೆದಾಗ ಅಂಚಿನಲ್ಲಿ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ನೇರಳೆ ಬಣ್ಣದಲ್ಲಿ ಕಾಣುತ್ತದೆ, ಬೆವರಿನಲ್ಲಿರುವ ಅಮೈನೊ ಆಮ್ಲ ಅದು. ಮಿಲ್ಲರ್ ತಮ್ಮ ಕೆಂಪು ನೀರಿಗೆ ಮರ್ಕ್ಯುರಿಕ್ ಕ್ಲೋರೈಡ್ ಎಂಬ ವಿಷ ಹಾಕಿದ್ದು ಯಾಕೆ, ಆಮೇಲೆ ಇಡೀ ಉಪಕರಣವನ್ನೇ ಕಾಯಿಸಿ ಕ್ರಿಮಿಶುದ್ಧ ಮಾಡಿ ಪ್ರಯೋಗವನ್ನು ಮತ್ತೆ ನಡೆಸಿದ್ದು ಯಾಕೆ ಎಂದು ಆಗ ವಿದ್ಯಾರ್ಥಿಗಳನ್ನು ಕೇಳಿ.