ವಯಸ್ಸಾದ ರಾಕ್ ಗಿಟಾರ್ ವಾದಕರು ಎಲೆಕ್ಟ್ರಾನಿಕ್ ಬೀಟ್ ಹಿಡಿದರೆ ಅದು ಟ್ರೆಂಡ್ ಹಿಂದೆ ಓಡಿದ ಹಾಗಲ್ವಾ?

ಎಷ್ಟೋ ಸಲ ಹೌದು. ಟ್ಯೂನ್ ಹಳೆಯದೇ ಇರುತ್ತದೆ, ಕೆಳಗೆ ಸುಮ್ನೆ ಒಂದು ಧಬ್ ಧಬ್ ತುರುಕಿರುತ್ತಾರೆ. ಆದರೆ ಜೆಫ್ ಬೆಕ್ ವಿಷಯದಲ್ಲಿ ನಾನಿದನ್ನು ಒಪ್ಪಲ್ಲ.

ಇಂಗ್ಲೆಂಡಿನ ಈ ಮನುಷ್ಯ 1965ರಲ್ಲೇ ಯಾರ್ಡ್‌ಬರ್ಡ್ಸ್ ಎಂಬ ರಾಕ್ ಬ್ಯಾಂಡ್ ಸೇರಿ ಹೆಸರು ಮಾಡಿದವರು. 1989ರ 'ಗಿಟಾರ್ ಶಾಪ್' ಆಲ್ಬಮ್ ಆದಮೇಲೆ ಒಂದು ಟಿವಿ ಸರಣಿಯ ಸಂಗೀತ, ಐವತ್ತರ ದಶಕದ ರಾಕ್ ಗಾಯಕ ಜೀನ್ ವಿನ್ಸೆಂಟ್ ಕಾಲದ ಹಾಡುಗಳ ಒಂದು ಆಲ್ಬಮ್ ಬಿಟ್ಟರೆ ಹತ್ತು ವರ್ಷ ಹೆಚ್ಚುಕಮ್ಮಿ ಮೌನ. ಆಮೇಲೆ 1999ರಲ್ಲಿ 'ಹೂ ಎಲ್ಸ್!' ಬಂತು, ಆಗ ಅವರಿಗೆ 54. ಮೊದಲ ಟ್ರ್ಯಾಕಿನಲ್ಲೇ ಟೆಕ್ನೋ, ಅಂದರೆ ಮೆಷಿನ್ ಬೀಟಿನ ಡ್ಯಾನ್ಸ್ ಸಂಗೀತದ ಓಟ! ನಾನು ಮೊದಲು ಕೇಳಿದಾಗ ತಪ್ಪು ಆಲ್ಬಮ್ ಹಾಕಿಬಿಟ್ಟೆ ಅಂದುಕೊಂಡೆ.

ನನಗೆ ಮನಸ್ಸು ಬದಲಾಗಿದ್ದು 2001ರ 'ಯು ಹ್ಯಾಡ್ ಇಟ್ ಕಮಿಂಗ್'ನ 'ನಾದಿಯಾ' ಕೇಳಿದ ಮೇಲೆ. ಮೂಲ ಬ್ರಿಟಿಷ್ ಸಂಗೀತಗಾರ ನಿತಿನ್ ಸಾಹ್ನಿ ಅವರದ್ದು, ಅಲ್ಲಿ ಹಾಡಿರುವುದು ಸ್ವಾತಿ ನಾಟೇಕರ್. ಬೆಕ್ ಆ ದನಿಯ ಜಾಗದಲ್ಲಿ ಗಿಟಾರ್ ಇಟ್ಟಿದ್ದಾರೆ. ಕೆಳಗೆ ಬೀಟ್ ಗಡಿಯಾರದ ಹಾಗೆ ಒಂದೇ ಸಮ ಓಡುತ್ತಿರುತ್ತದೆ, ಮೇಲೆ ಗಿಟಾರ್ ಒಂದು ಸ್ವರದಿಂದ ಇನ್ನೊಂದಕ್ಕೆ ನಿಧಾನಕ್ಕೆ ಜಾರುತ್ತದೆ, ತುದಿಯಲ್ಲಿ ಸ್ವಲ್ಪ ನಡುಗಿ, ಒಂದು ಕ್ಷಣ ತಡವಾಗಿ ಬಂದು ಕೂರುತ್ತದೆ. ಆ ತಡ ನಮಗೆ ಕೇಳಿಸುವುದೇ ಬೀಟ್ ಅಲುಗಾಡದೆ ನಿಂತಿರುವುದರಿಂದ. ಬೆಕ್ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಬಿಟ್ಟು ಬೆರಳಲ್ಲೇ ನುಡಿಸುತ್ತಿದ್ದವರು, ವ್ಯಾಮಿ ಬಾರ್ (ತಂತಿಗಳ ಶ್ರುತಿ ಏರಿಳಿಸುವ ಸಣ್ಣ ಕಡ್ಡಿ) ಅಂಗೈಯಲ್ಲಿ, ವಾಲ್ಯೂಮ್ ನಾಬ್ ಕಿರುಬೆರಳ ಹತ್ತಿರ. ನಾನೂ ಒಂದು ಭಾನುವಾರ ಪೂರ್ತಿ ಪ್ರಯತ್ನ ಮಾಡಿದೆ. ಬಾರ್ ಒತ್ತಿ ಒತ್ತಿ ಕೊನೆಗೆ ಆರು ತಂತಿಗೆ ಆರೂ ಶ್ರುತಿ ತಪ್ಪಿದವು, ಗಮಕದ ಸುಳಿವೇ ಇಲ್ಲ. ಮೆಷಿನ್ ಇದ್ದರೆ ಕೈಗೆ ಕೆಲಸ ಕಡಿಮೆ ಅನ್ನುವವರು ಒಮ್ಮೆ ಇದನ್ನು ಮಾಡಿ ನೋಡಲಿ.

ಆ ಆಲ್ಬಮ್ಮಿನ 'ಡರ್ಟಿ ಮೈಂಡ್'ಗೆ 2002ರಲ್ಲಿ ಗ್ರ್ಯಾಮಿ ಬಂತು, 2004ರಲ್ಲಿ 'ಪ್ಲ್ಯಾನ್ ಬಿ'ಗೆ ಇನ್ನೊಂದು. ಪ್ರಶಸ್ತಿ ಬಂತು ಅಂತ ಒಪ್ಪಿಕೊಳ್ಳಬೇಕಾಗಿಲ್ಲ ಬಿಡಿ.

ಮೊದಲು ಸಾಹ್ನಿ ಅವರ 'ನಾದಿಯಾ' ಕೇಳಿ, ಆಮೇಲೆ ಬೆಕ್ ಅವರದ್ದು, ಹೆಡ್‌ಫೋನ್ ಹಾಕಿಕೊಂಡು. ಆದರೆ 2003ರ 'ಜೆಫ್' ಆಲ್ಬಮ್‌ನಿಂದ ಮಾತ್ರ ಶುರು ಮಾಡಬೇಡಿ. ಅಲ್ಲಿ ಕೆಲವು ಕಡೆ ಶಬ್ದ ಜಾಸ್ತಿಯಾಗಿ ಗಿಟಾರ್ ಮುಳುಗಿಹೋಗಿದೆ, ನಿಮ್ಮ ದೂರು ಅಲ್ಲಿ ಸರಿ ಅಂತ ನನಗೂ ಅನಿಸುತ್ತದೆ.