ನಮ್ಮೂರ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆಯಾ?

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳು ಮಂಡ್ಯದ ಪಿನ್‌ಕೋಡ್ 571401 ಅವಿಭಾಜ್ಯ ಸಂಖ್ಯೆಯಾ ಅಂತ ಕೇಳಿದಳು. ಕೊನೆಗೆ 1 ಇರುವುದರಿಂದ ಹಾಗೇ ಅನ್ನಿಸುತ್ತದೆ. 7, 11, 13, 17ರಿಂದ ಭಾಗಿಸಿ ನೋಡಿದೆವು, ಯಾವುದರಿಂದಲೂ ಹೋಗಲಿಲ್ಲ. ಎಲ್ಲಿಯವರೆಗೆ ಭಾಗಿಸುತ್ತಾ ಹೋಗಬೇಕು ಸರ್?
– ಓದುಗರೊಬ್ಬರು, ಮಂಡ್ಯ

ಉತ್ತರ: ಮಗಳ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು ತಾಯಿ. ನೀವು 7ರಿಂದ ಶುರು ಮಾಡಿದಿರಿ, 3 ಬಿಟ್ಟುಹೋಯಿತು. ಅಂಕಿಗಳನ್ನು ಕೂಡಿ ನೋಡಿ: 5+7+1+4+0+1 = 18. ಇದು 9ರಿಂದ ಭಾಗವಾಗುತ್ತದೆ. ಹಾಗಾಗಿ 571401 ಕೂಡ 9ರಿಂದ ಭಾಗವಾಗುತ್ತದೆ. ಅಂದರೆ ಇದು ಅವಿಭಾಜ್ಯ ಅಲ್ಲ, ಸಂಯುಕ್ತ ಸಂಖ್ಯೆ.

ಅಂಕಿ ಕೂಡಿದರೆ ಸಾಕು ಅನ್ನುವುದು ಯಾಕೆ? ಇದನ್ನು ಮಗಳಿಗೆ ಖಂಡಿತ ಹೇಳಿ, ಬರೀ ಉರು ಹೊಡೆಯುವುದು ಬೇಡ. 10 ಅಂದರೆ 9+1. 100 ಅಂದರೆ 99+1. 1000 ಅಂದರೆ 999+1. ಪ್ರತಿ ಸ್ಥಾನದಿಂದಲೂ 9ರ ಪಾಲು ತೆಗೆದುಬಿಟ್ಟರೆ ಕೈಯಲ್ಲಿ ಉಳಿಯುವುದು ಆ ಅಂಕಿಗಳೇ. ಅದಕ್ಕೇ 571401ರ ಅಂಕಿಗಳನ್ನು ಹೇಗೆ ಅದಲುಬದಲು ಮಾಡಿದರೂ, 104175 ಅಂತ ತಿರುಗಿಸಿ ಬರೆದರೂ, 9ರಿಂದ ಭಾಗವಾಗುತ್ತದೆ.

ಈಗ ಭಾಗಿಸೋಣ. 571401 ÷ 9 = 63489. ಇದರ ಅಂಕಿಗಳ ಮೊತ್ತ 30, ಇನ್ನೊಮ್ಮೆ 3ರಿಂದ ಹೋಗುತ್ತದೆ. ಉಳಿಯುವುದು 21163.

ಎಲ್ಲಿಯವರೆಗೆ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. 21163ರ ವರ್ಗಮೂಲ ಸುಮಾರು 145. ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಆಗುವುದಿಲ್ಲ ಅಲ್ವಾ? ಹಾಗಾಗಿ 145ರ ಒಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಅಂಥವು 34 ಇವೆ. 2, 3, 5 ನೋಡಿದ ಕೂಡಲೇ ಬಿಟ್ಟುಹೋಗುತ್ತವೆ. ಉಳಿದ 31ರಿಂದಲೂ, 7ರಿಂದ 139ರವರೆಗೆ, ಭಾಗಿಸಿದೆ. ಒಂದರಿಂದಲೂ ಹೋಗಲಿಲ್ಲ. 21163 ಅವಿಭಾಜ್ಯವೇ. ಅಷ್ಟು ಕಬ್ಬಿನ ಬಿತ್ತನೆ ತುಂಡುಗಳನ್ನು ಕೊಟ್ಟು ಸಮನಾದ ಸಾಲುಗಳಲ್ಲಿ ನೆಡಿ ಅಂದರೆ ಆಗುವುದಿಲ್ಲ. ಒಂದೇ ಒಂದು ಉದ್ದನೆಯ ಸಾಲು, ಇಲ್ಲವೇ ಸಾಲಿಗೊಂದು ತುಂಡು.

ಹೀಗೆ 571401 = 3 × 3 × 3 × 21163. ಇದಕ್ಕೆ ಎಂಟು ಅಪವರ್ತನಗಳು. ಸಂಖ್ಯೆಯನ್ನೇ ಬಿಟ್ಟು ಉಳಿದ ಏಳನ್ನು ಕೂಡಿದರೆ 275159, ಮೂಲ ಸಂಖ್ಯೆಯ ಅರ್ಧವೂ ಇಲ್ಲ. ಹೀಗೆ ಮೊತ್ತ ಮೂಲ ಸಂಖ್ಯೆಗಿಂತ ಕಡಿಮೆ ಬಂದರೆ ಕೊರತೆಯ ಸಂಖ್ಯೆ ಅನ್ನುತ್ತಾರೆ. ಮೊತ್ತ ಸರಿಸಮ ಬಂದರೆ ಪರಿಪೂರ್ಣ ಸಂಖ್ಯೆ: 6 = 1+2+3. ಆಮೇಲೆ 28, 496, 8128. ಅದರ ಮುಂದಿನದು ಒಮ್ಮೆಲೇ 33550336!

ಮಗಳಿಗೆ ಮುಂದಿನ ಲೆಕ್ಕ ಮೈಸೂರಿನ 570001 ಇರಲಿ. ವರ್ಗಮೂಲ 755ಕ್ಕೆ ತುಸು ಕಡಿಮೆ, ಕೆಲಸ ಜಾಸ್ತಿ. ಆದರೆ 570000 ಸಂಖ್ಯೆ 2, 3, 5, 19ರಿಂದ ಭಾಗವಾಗುತ್ತದೆ. ಆದ್ದರಿಂದ ಆ ನಾಲ್ಕನ್ನು ಭಾಗಿಸದೇ ಬಿಡಬಹುದು, ಶೇಷ 1 ಬಂದೇ ಬರುತ್ತದೆ.